ನೆಂಟರಿಲ್ಲದ ದಾರಿಯಲ್ಲಿ ಒಂದು ಡೇರೆ

ಖಡಕಿ ಬಝಾರಿನ ಈರಣ್ಣ ಆ ಡೇರೆಯನ್ನು ಖಾಕಿ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದರೆ ಬಿಂದುಮಾಧವ ಒಂದು ಸಂಜೆಯ ಮಟ್ಟಿಗೆ ವೈದ್ಯನಾಗುವ ಪ್ರಸಂಗ ಬರುತ್ತಲೇ ಇರಲಿಲ್ಲ.

ಈರಣ್ಣನದು ಮದುವೆ ಮುಂಜಿವೆಗಳಿಗೆ ಶಾಮಿಯಾನ ಹಾಕುವ ವ್ಯಾಪಾರ. ಗದಗಿನ ಕಡೆಯವನು, ಪುಣೆಗೆ ಬಂದು ನೆಲೆಸಿ ಬಹಳ ವರ್ಷಗಳಾಗಿದ್ದವು. ತನ್ನ ಸೀಮೆಯ ಹುಡುಗ ಕೇಳಿದನೆಂಬ ಅಭಿಮಾನಕ್ಕೆ ರಾತ್ರಿ ಕೂತು ಡೇರೆ ಹೊಲಿದಿದ್ದ. ಅಂಗಡಿಯ ಮುಂದೆ ಅದನ್ನು ಬಿಚ್ಚಿ ಹರಡಿದಾಗ ಬಿಂದುಮಾಧವ ಎರಡು ಹೆಜ್ಜೆ ಹಿಂದೆ ಸರಿದ. ಕೆಂಪು, ಹಳದಿ, ಹಸಿರು ಪಟ್ಟಿಗಳು. ಪಟ್ಟಿಗಳ ಮೇಲೆ ಮಾವಿನಕಾಯಿಯ ಚಿತ್ತಾರ. ಅಂಚಿನ ಸುತ್ತ ಜೋಲಾಡುವ ಗೊಂಡೆಗಳು.

"ಈರಣ್ಣ, ನಾ ಖಾಕಿ ಹೇಳಿದ್ದೆ."

"ಖಾಕಿ ಎಲ್ಲಿಂದ ತರ್ಲಿ ಸಾಹೇಬ್ರ? ಇದು ಲಗ್ನದ ಶಾಮಿಯಾನದ ಬಟ್ಟಿ. ಗಟ್ಟಿ ಐತಿ."

"ಈ ಗೊಂಡೆ ಯಾಕ?"

"ಹೊಸಾ ಹೆಂಡ್ತೀನ ಕರ್ಕೊಂಡು ಹೊಂಟೀರಿ. ಬೋಳು ಡೇರಾದಾಗ ಮಲಗಿಸ್ತೀರೇನ್ರಿ ಅಕೀನ?"

ಬಿಂದುಮಾಧವ ಅತ್ತಿತ್ತ ನೋಡಿ ಡೇರೆಯನ್ನು ಗಡಿಬಿಡಿಯಿಂದ ಮಡಚಿದ. ಹೆಂಡತಿಯನ್ನು ಕರೆದುಕೊಂಡು ಹೊರಟಿರುವ ವಿಷಯವನ್ನು ಬಝಾರಿನ ನಡುವೆ ಅಷ್ಟು ದೊಡ್ಡ ದನಿಯಲ್ಲಿ ಹೇಳುವ ಅಗತ್ಯವಿರಲಿಲ್ಲ.

ಅವನು ಖಡಕಿಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ತಕ್ಕಡಿಯ ಮುಂದೆ ಕೂತಾಗ ತನ್ನ ಉಸಿರು ತಾಗಿ ಮುಳ್ಳು ಅಲುಗೀತೆಂದು ಮುಖ ತಿರುಗಿಸಿ ಉಸಿರಾಡುವಷ್ಟು ನಾಜೂಕಿನವನು. ಹಿಂದಿನ ಬೇಸಿಗೆಯಲ್ಲಿ ಬೆಳಗಾವಿಯ ಭಾಮೆಯೊಂದಿಗೆ ಮದುವೆಯಾಗಿತ್ತು. ಈಗ ತೊಂಬತ್ತೇಳನೆಯ ಇಸವಿಯ ಸಂಕ್ರಾಂತಿ ಕಳೆದಿತ್ತು. ಈ ನಡುವೆ ಗಂಡಹೆಂಡತಿ ಇಬ್ಬರೇ ಇದ್ದ ರಾತ್ರಿ ಒಂದೂ ಇಲ್ಲ. ಅದು ಅವರ ತಪ್ಪಲ್ಲ, ಕ್ವಾರ್ಟರ್ಸಿನ ತಪ್ಪು. ಇದ್ದುದೇ ಎರಡು ಕೋಣೆ. ಹೊರಗಿನದರಲ್ಲಿ ತಾಯಿ ಗೌರಾಬಾಯಿ ಮತ್ತು ಅವರ ಸುತ್ತ ಧಾರವಾಡ, ಬಾಗಲಕೋಟೆಗಳಿಂದ ಬಂದಿಳಿದ ನೆಂಟರು. ಒಬ್ಬರು ಕಣ್ಣಿನ ಆಪರೇಶನ್ನಿಗೆ ಬಂದವರು, ಇನ್ನೊಬ್ಬರು ಪೆನ್ಶನ್ ಕಚೇರಿಗೆ, ಮತ್ತೊಬ್ಬ ರೈಲ್ವೆ ಪರೀಕ್ಷೆಗೆ. ಯಾವ ಕೆಲಸವೂ ಇಲ್ಲದವರು ಹವಾ ಬದಲಾವಣೆಗೆ. ಒಳಗಿನದು ಅಡಿಗೆಮನೆ. ಪಾತ್ರೆ ತೊಳೆದು ನೆಲ ಒರೆಸಿದ ಮೇಲೆ ಅದೇ ಹೊಸ ದಂಪತಿಗಳ ಮಲಗುವ ಕೋಣೆ. ಅದೂ ನಡೆದುಹೋಗುತ್ತಿತ್ತು. ಆದರೆ ಕುಡಿಯುವ ನೀರಿನ ಕೊಡ ಇದ್ದುದೂ ಅಲ್ಲೇ. ರಾತ್ರಿ ಬಾಯಾರದ ನೆಂಟ ಆ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಎಲ್ಲಾದರೂ ಹೋಗಿ ಲಾಜಿನಲ್ಲಿ ಉಳಿಯೋಣವೆಂದರೆ ಅದಕ್ಕೂ ದಾರಿಯಿಲ್ಲ. "ನಮ್ಮವರಿರೋ ಊರಾಗ ಲಾಜಿಗೆ ಹೋದ್ರ, ನಮ್ಮವರು ಸತ್ತಾರ ಅಂತ ಸಾರಿದ್ಹಂಗ" ಎಂಬುದು ಗೌರಾಬಾಯಿಯ ತೀರ್ಪು. ನಮ್ಮವರಿಲ್ಲದ ಊರು ಎಲ್ಲಿದೆ? ಮಹಾಬಳೇಶ್ವರಕ್ಕೆ ಹೋಗುವ ಮಾತೆತ್ತಿದಾಗ ಸಾತಾರೆಯ ಸೋದರತ್ತೆ ಆಗಲೇ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದ್ದರು.

ಬಿಂದುಮಾಧವ ಇದನ್ನೂ ಪ್ರಯೋಗಾಲಯದ ಸಮಸ್ಯೆಯಂತೆ ಬಿಡಿಸಲು ಕೂತ. ನಕಾಶೆ ಹರಡಿ ನೆಂಟರಿರುವ ಊರಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿದ. ಕೊಲ್ಹಾಪುರ, ಸೊಲ್ಲಾಪುರದ ದಿಕ್ಕಿನಲ್ಲಿ ನಕಾಶೆಗೆ ಸಿಡುಬೆದ್ದಂತಾಯಿತು. ಅಹ್ಮದನಗರದ ದಾರಿಯಲ್ಲಿ ಮಾತ್ರ, ಶಿರೂರಿನ ಆಚೀಚೆ, ಒಂದು ಬಿಳಿಯ ಪಟ್ಟಿ ಉಳಿಯಿತು.

"ಭಾಮಾ, ಇಲ್ಲೆ ನಮ್ಮವರು ಒಬ್ಬರೂ ಇಲ್ಲ!" ಎಂದ, ಹೊಸ ಧಾತುವನ್ನು ಕಂಡುಹಿಡಿದವನಂತೆ.

"ಲಾಜೂ ಇಲ್ಲಲಾ ಅಲ್ಲೆ" ಎಂದಳು ಭಾಮಾ, ದನಿ ತಗ್ಗಿಸಿ. ಪಕ್ಕದಲ್ಲೇ ಪೆನ್ಶನ್ ಕಾಕಾ ನೀರು ಬಗ್ಗಿಸಿಕೊಳ್ಳುತ್ತಿದ್ದರು.

"ಅದಕ್ಕ ಡೇರಾ."

ಹೀಗೆ ಡೇರೆ ಹುಟ್ಟಿತು. ಎಲ್ಲೋರಾದ ಗವಿ ನೋಡಲು ಹೋಗುತ್ತೇವೆ, ಕಾರು ಹಳೆಯದು, ದಾರಿಯಲ್ಲಿ ಹೊತ್ತು ಮುಳುಗಿದರೆ ಕೈಯಲ್ಲಿ ಒಂದು ಡೇರೆ ಇರಲಿ ಎಂದು ಮನೆಯಲ್ಲಿ ಹೇಳಿದ್ದಾಯಿತು. ಗೌರಾಬಾಯಿ ಒಪ್ಪಿದರು. ಆದರೆ ಹೋಗುವ ದಾರಿಯ ಮುಂದಿನ ನೆಂಟರಿಗೆಲ್ಲ ಚಟ್ನಿಪುಡಿ ಕಟ್ಟಿದರು.

"ಅಹ್ಮದನಗರದಾಗ ಇಂದೂನ ಭಾವನ ಮನಿ ಅದ, ಅಲ್ಲೆ ಶೇಂಗಾ ಚಟ್ನಿ ಕೊಡು. ಔರಂಗಾಬಾದಿನವರಿಗೆ ಅಗಸಿ ಚಟ್ನಿ ಭಾಳ ಸೇರ್ತದ. ಇದು ಗುರೆಳ್ಳಿಂದು. ಇದು ಮೆಂತ್ಯಹಿಟ್ಟು. ಬಿಂದ್ಯಾ, ಒಂದರೊಳಗ ಒಂದು ಕಲಸಬ್ಯಾಡ ನೋಡು."

ಕಲಸುವುದೇ? ಬಿಂದುಮಾಧವ ಪ್ರತಿಯೊಂದು ಗಾಜಿನ ಬಾಟಲಿಗೂ ಬಿಳಿಯ ಚೀಟಿ ಅಂಟಿಸಿ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆದ. ಪಕ್ಕದ ಮನೆಯ ಚಂದಮ್ಮ ಕಾರಿನ ಮೇಲೆ ಕಟ್ಟಿದ ಡೇರೆಯ ಗೊಂಡೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಸರ್ಕಸ್ ಎಲ್ಲಿ ಹೂಡತೀರಿ ಬಿಂದುರಾಯರ?" ಎಂದು ಕೇಳಿದಳು. ಅಷ್ಟರಲ್ಲಿ ಕಾರು ಹೊರಟಿತು.

ಶಿರೂರು ತಲುಪುವ ಮೊದಲೇ ಹೆದ್ದಾರಿ ಬಿಟ್ಟು, ಮಣ್ಣಿನ ದಾರಿಯಲ್ಲಿ ಸ್ವಲ್ಪ ಒಳಗೆ ಹೋಗಿ, ಒಂದು ದೊಡ್ಡ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದರು. ಒಂದು ಕಡೆ ತೆನೆ ಹೊತ್ತ ಬಿಳಿಜೋಳ, ಇನ್ನೊಂದು ಕಡೆ ಕಬ್ಬು. ಹೊತ್ತು ಇಳಿಯುತ್ತಿತ್ತು. ದೂರದಲ್ಲಿ ಊರಿನ ಹೊಗೆ ಕಾಣುತ್ತಿತ್ತೇ ಹೊರತು ಮನುಷ್ಯರು ಕಾಣುತ್ತಿರಲಿಲ್ಲ.

"ಎಷ್ಟು ಶಾಂತ ಅದ!" ಎಂದಳು ಭಾಮಾ. ಎಂದವಳು ತನ್ನ ದನಿ ತನಗೇ ಕೇಳಿ ನಕ್ಕಳು. ಖಡಕಿಯ ಮನೆಯಲ್ಲಿ ಅವಳಿಗೆ ಗಂಡನೊಂದಿಗೆ ಪಿಸುಗುಟ್ಟಿ ಅಭ್ಯಾಸವಾಗಿತ್ತು.

ಬಿಂದುಮಾಧವ ಕೆಲಸ ಶುರುಮಾಡಿದ. ಡೇರೆಯ ಮೂರು ಹಗ್ಗಗಳಿಗೆ ಗೂಟ ಸಿಕ್ಕಿತು. ನಾಲ್ಕನೆಯ ಮೂಲೆಯಲ್ಲಿ ಬಂಡೆ. ಆ ಹಗ್ಗವನ್ನು ಕಾರಿನ ಬಂಪರಿಗೆ ಬಿಗಿದ. ಆಮೇಲೆ ಸುಣ್ಣಕ್ಕೆ ಗಂಧಕ ಬೆರೆಸಿ ಮನೆಯಿಂದಲೇ ತಂದಿದ್ದ ಪುಡಿಯನ್ನು ತೆಗೆದು, ಇರುವೆ, ಚೇಳು, ಹಾವು ಒಳಗೆ ಬಾರದಂತೆ ಡೇರೆಯನ್ನೂ ಕಾರನ್ನೂ ಕೂಡಿಸಿ ಒಂದು ಬಿಳಿಯ ವರ್ತುಲ ಎಳೆದ. ಕೈ ನುರಿತದ್ದು, ವರ್ತುಲ ಕೈವಾರ ಹಿಡಿದು ಬರೆದಂತೆ ಬಂತು. ದಾರಿಯ ಕುಲುಕಾಟಕ್ಕೆ ಒಂದು ಬಾಟಲಿಯ ಮುಚ್ಚಳ ಸಡಿಲಾಗಿ ಚಟ್ನಿ ಚೆಲ್ಲಿದ್ದರಿಂದ ಎಲ್ಲ ಬಾಟಲಿಗಳನ್ನೂ ಹೊರತೆಗೆದು, ಒರೆಸಿ, ಡೇರೆಯ ಮುಂದೆ ಚಾಪೆ ಹಾಸಿ, ಎತ್ತರದ ಪ್ರಕಾರ ಸಾಲಾಗಿ, ಚೀಟಿ ಮುಂದೆ ಬರುವಂತೆ ಜೋಡಿಸಿದ. ಕೊನೆಗೆ ಸ್ಟೋವ್ ಹಚ್ಚಿ ಗಾಜಿನ ಬೀಕರಿನಲ್ಲಿ ಚಹಾಕ್ಕೆ ನೀರಿಟ್ಟ.

"ಚಹಾಕ್ಕ ಬೀಕರ್ ಯಾಕ್ರಿ?"

"ಗೆರೆ ಇರ್ತಾವ. ಎರಡು ಕಪ್ಪಿಗೆ ಎಷ್ಟು ಬೇಕೋ ಅಷ್ಟು ಬರ್ತದ."

ಭಾಮಾ ಕಪ್ಪುಗಳನ್ನು ನೋಡಿದಳು. ಅವನು ತಂದದ್ದು ಎರಡೇ ಕಪ್ಪು. ಮೂರನೆಯವರು ಬಂದರೆ ಕೊಡಲು ಇನ್ನೊಂದಿಲ್ಲ. ಅದನ್ನು ನೋಡಿ ಅವಳಿಗೆ ಯಾಕೋ ಗಂಡನ ಮೇಲೆ ಬಹಳ ಪ್ರೀತಿ ಬಂತು. ಅವನ ಹತ್ತಿರ ಸರಿದು ಕೂತಳು. ಬಿಂದುಮಾಧವ ಸುತ್ತ ನೋಡಿದ. ಯಾರೂ ಇಲ್ಲ. ಮತ್ತೊಮ್ಮೆ ನೋಡಿದ. ಧೈರ್ಯ ಮಾಡಿ ಅವಳ ಕೈ ಹಿಡಿದ.

"ಈ ಸಲ ಲಗೂ ಬಂದ್ರಿ?"

ಕೈ ಬಿಟ್ಟ. ಜೋಳದ ಹೊಲದೊಳಗಿಂದ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಂದು ವರ್ತುಲದ ಆಚೆ ನಿಂತಿದ್ದಳು. ಕೇಳಿದ್ದು ಮರಾಠಿಯಲ್ಲಿ. ಅಲ್ಲಿಂದ ಮುಂದೆ ಊರವರೊಂದಿಗೆ ನಡೆದ ಮಾತೆಲ್ಲ ಮರಾಠಿಯೇ.

"ವರ್ಷಾ ಹೋಳಿ ಆದ ಮ್ಯಾಲೆ ಬರ್ತಿದ್ರಿ. ಎಲ್ಲಿ, ನಿಮ್ಮ ಅಪ್ಪ ಬರಲಿಲ್ಲೇನು?"

"ನಮ್ಮಪ್ಪ ತೀರಿಕೊಂಡಾರ" ಎಂದ ಬಿಂದುಮಾಧವ, ಗಲಿಬಿಲಿಯಲ್ಲಿ ನಿಜವನ್ನೇ.

ಮುದುಕಿ ಹೊರೆ ಕೆಳಗಿಳಿಸಿ ಅಲ್ಲೇ ಕೂತಳು. "ಅಯ್ಯೋ ದೇವ್ರ! ಹೋದ ವರ್ಷ ನನ್ನ ಕೈನಾಡಿ ನೋಡಿದ್ದ. ಛಲೋ ಕೈಗುಣ ಇತ್ತು ಅವಂದು."

ಧಾರವಾಡದ ಶಾಲೆಯಲ್ಲಿ ಗಣಿತ ಕಲಿಸಿ ತೀರಿಕೊಂಡಿದ್ದ ತಂದೆ ಇಲ್ಲಿ ನಾಡಿ ನೋಡಿದ್ದು ಯಾವಾಗ ಎಂದು ಬಿಂದುಮಾಧವನಿಗೆ ತಿಳಿಯಲಿಲ್ಲ. ಭಾಮೆಗೆ ತಿಳಿಯಿತು. ಬೆಳಗಾವಿಯ ಬಸ್‌ಸ್ಟ್ಯಾಂಡಿನ ಹೊರಗೆ, ಇಂಥದೇ ಬಣ್ಣದ ಡೇರೆಗಳಲ್ಲಿ, ಇಂಥದೇ ಬಾಟಲಿಗಳ ಸಾಲು ಇಟ್ಟುಕೊಂಡು ಕೂರುವ ಊರೂರು ತಿರುಗುವ ನಾಟಿ ವೈದ್ಯರನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕನ್ನಡದಲ್ಲಿ, "ರೀ, ಅಕಿ ನಿಮ್ಮನ್ನ ಔಷಧದವರು ಅಂತ ತಿಳ್ಕೊಂಡಾಳ" ಎಂದಳು.

"ಆಯಿ, ನಾವು ವೈದ್ಯರಲ್ಲ. ನಾ ಖಡಕಿ ಮಿಲಿಟರಿ ಕಾರ್ಖಾನ್ಯಾಗ ಕೆಲಸಕ್ಕ ಇದ್ದೀನಿ."

"ಹೌದೇನು! ಪಲ್ಟಣಿಗೆ ಔಷಧ ಕೊಡ್ತೀರಿ? ಹಂಗಾರ ನನ್ನ ಹೊಟ್ಟಿ ನಿಮಗ ಯಾವ ಲೆಕ್ಕ. ಉಬ್ಬರಾ ನೋಡ್ರಿ, ಮೂರು ದಿನ ಆತು, ಮ್ಯಾಲಿಂದಿಲ್ಲ, ಕೆಳಗಿಂದಿಲ್ಲ."

"ಆಯಿ, ಇದು ಔಷಧ ಅಲ್ಲ, ಚಟ್ನಿ."

ಮುದುಕಿ ಬಾಟಲಿಗಳ ಮೇಲಿನ ಕನ್ನಡ ಅಕ್ಷರಗಳನ್ನು ಭಕ್ತಿಯಿಂದ ನೋಡಿದಳು. ಅಂಥ ದುಂಡಗಿನ, ಕೊಂಡಿ ಕೊಂಡಿಯ ಬರಹವನ್ನು ಅವಳು ತಾಯಿತಗಳ ಮೇಲೆ ಮಾತ್ರ ಕಂಡಿದ್ದಳು.

"ಕೊಡಾಕ ಮನಸ್ಸಿಲ್ಲ ಅಂದ್ರ ಇಲ್ಲ ಅನ್ರಿ. ಚಟ್ನಿ ಅಂತ ಯಾಕ ಮುಚ್ಚತೀರಿ?"

"ಕೊಟ್ಟು ಕಳಸ್ರಿ, ಹೋಗ್ತಾಳ" ಎಂದು ಭಾಮಾ ಮೆಂತ್ಯಹಿಟ್ಟಿನ ಬಾಟಲಿಯಿಂದ ಒಂದು ಚಮಚ ಮುದುಕಿಯ ಅಂಗೈಗೆ ಹಾಕಿ, ಮೇಲೆ ಚಹಾದ ಬಿಸಿನೀರು ಕೊಟ್ಟಳು. ಮುದುಕಿ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಕಣ್ಣುಮುಚ್ಚಿ ಕೂತಳು. ಗೌರಾಬಾಯಿಯ ಮೆಂತ್ಯಹಿಟ್ಟಿನಲ್ಲಿ ಇಂಗು ಸ್ವಲ್ಪ ಮುಂದೆಯೇ ಇರುತ್ತದೆ. ಕೊಂಚ ಹೊತ್ತಿಗೆ ಹೆದ್ದಾರಿಯ ಲಾರಿ ಹಾರ್ನ್ ಹೊಡೆದಂಥ ಒಂದು ತೇಗು ಬಂತು. ಬೇವಿನ ಮರದ ಕಾಗೆಗಳು ಎದ್ದು ಹಾರಿದವು.

"ಬಂತು!" ಎಂದಳು ಮುದುಕಿ. ಅವಳ ಮುಖದಲ್ಲಿ ಮೂರು ದಿನದ ಮೋಡ ಸರಿದಂತಾಯಿತು. "ನನ್ನ ಹೆಸರು ರಂಗೂಬಾಯಿ. ಈ ಹೊಲಾ ನಮ್ಮದೇ. ಎಲ್ಲೂ ಹೋಗಬ್ಯಾಡ್ರಿ ವೈದ್ಯಬುವಾ, ಈಗ ಬಂದೆ."

ಹೊರೆಯನ್ನು ಅಲ್ಲೇ ಬಿಟ್ಟು ಅವಳು ಊರ ಕಡೆಗೆ ಬಿರಬಿರನೆ ನಡೆದಳು.

"ಹೊರಡೂಣು" ಎಂದ ಬಿಂದುಮಾಧವ.

"ಈಗ ಡೇರಾ ಬಿಚ್ಚಿ, ಮತ್ತ ಎಲ್ಲಿ ಹೂಡತೀರಿ? ಮುಂದ ಅಹ್ಮದನಗರ. ಅಲ್ಲೆ ಇಂದೂನ ಭಾವ ಇದ್ದಾರ."

ಆ ಹೆಸರು ಕೇಳಿ ಅವನು ಡೇರೆಯ ಹಗ್ಗದಿಂದ ಕೈ ತೆಗೆದ. ಒಬ್ಬ ಮುದುಕಿ, ಒಂದು ತೇಗು. ಇಷ್ಟಕ್ಕೆ ಹೆದರಿ ಓಡುವುದೇ? ಚಹಾಕ್ಕೆ ಮತ್ತೆ ನೀರಿಟ್ಟ.

ಆ ನೀರು ಕುದಿಯುವ ಮೊದಲೇ ಊರು ಬಂತು. ಮೊಳಕಾಲು ಹಿಡಿದವನು ಕೋಲೂರಿಕೊಂಡು, ಸೊಂಟ ಹಿಡಿದವನು ಮಗನ ಸೈಕಲ್ಲಿನ ಮೇಲೆ, ಮೈಯಲ್ಲಿ ಏನೂ ಆಗಿಲ್ಲದವರು ಏನಾದರೂ ಆಗಿದ್ದರೆ ತಿಳಿಯಲೆಂದು. ಎಲ್ಲರೂ ಸುಣ್ಣದ ಗೆರೆಯವರೆಗೆ ಬಂದು ತಟ್ಟನೆ ನಿಂತರು. ಚಪ್ಪಲಿ ಬಿಟ್ಟರು. ಗಂಧಕದ ವಾಸನೆಗೆ ಮೂಗು ಅರಳಿಸಿ, "ಮಂತ್ರಿಸ್ಯಾರ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಬಿಂದುಮಾಧವ ಎದ್ದು ನಿಂತು ಭಾಷಣ ಮಾಡಿದ. ತಾನು ವೈದ್ಯನಲ್ಲ. ಗೊತ್ತಿಲ್ಲದವರಿಂದ ಯಾರೂ ಪುಡಿ ತೆಗೆದುಕೊಳ್ಳಬಾರದು. ಮೊಳಕಾಲು ನೋವಿಗೆ ಶಿರೂರಿನ ದವಾಖಾನೆಗೆ ಹೋಗಬೇಕು. ನೀರು ಕುದಿಸಿ ಕುಡಿಯಬೇಕು, ತಂಬಾಕು ಬಿಡಬೇಕು, ರಾತ್ರಿ ಮಿತವಾಗಿ ಉಣ್ಣಬೇಕು. ಜನ ತಲೆದೂಗಿ ಕೇಳಿದರು. ಮುಗಿದ ಮೇಲೆ ಮೊಳಕಾಲಿನವನು ಕೈಮುಗಿದು ಹೇಳಿದ:

"ಪಥ್ಯ ತಿಳೀತು ವೈದ್ಯಬುವಾ. ಈಗ ಪುಡಿ ಕೊಡ್ರಿ."

"ಹಿಂದಿನವ ಪಥ್ಯಾನ ಹೇಳ್ತಿರಲಿಲ್ಲ" ಎಂದು ಯಾರೋ ಮೆಚ್ಚಿದರು.

"ಭಾಮಾ, ಇದು ಮೋಸ" ಎಂದ ಬಿಂದುಮಾಧವ ಕನ್ನಡದಲ್ಲಿ. "ನಾ ಸರಕಾರಿ ನೌಕರ. ಲೈಸೆನ್ಸ್ ಇಲ್ದ ಔಷಧ ಕೊಟ್ಟೆ ಅಂದ್ರ ನೌಕರಿ ಹೋಗ್ತದ. ಪೊಲೀಸ್ರು ಬರ್ತಾರ."

"ಚಟ್ನಿ ತಿಂದು ಯಾರರೆ ಸತ್ತಾರೇನ್ರಿ? ಚಟ್ನಿ ಅಂತನ ಹೇಳಿ ಕೊಡೂಣು. ಕೊಟ್ರ ಹೋಗ್ತಾರ. ಕೊಡದಿದ್ರ ಇಲ್ಲೇ ಮಲಗ್ತಾರ."

ಜನ ಈ ಮಾತುಕತೆಯನ್ನು ಉಸಿರು ಬಿಗಿಹಿಡಿದು ಆಲಿಸುತ್ತಿದ್ದರು. ಒಂದಕ್ಷರವೂ ತಿಳಿಯದ್ದರಿಂದ ಅದರ ಮೇಲೆ ಅವರಿಗೆ ಪೂರ್ತಿ ವಿಶ್ವಾಸ ಹುಟ್ಟಿತ್ತು.

ಭಾಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಟಲಿಗಳ ಹಿಂದೆ ಕೂತಳು. ಒಬ್ಬೊಬ್ಬರಿಗೂ "ಇದು ಶೇಂಗಾ ಚಟ್ನಿ, ರೊಟ್ಟಿ ಜೋಡಿ ತಿನ್ರಿ", "ಇದು ಅಗಸಿ ಚಟ್ನಿ, ಅನ್ನಕ್ಕ ಕಲಸ್ಕೊಳ್ರಿ" ಎಂದು ಪ್ರಾಮಾಣಿಕವಾಗಿ ಹೇಳಿಯೇ ಕೊಟ್ಟಳು. ಅವರೂ ಪ್ರಾಮಾಣಿಕವಾಗಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಒಬ್ಬ ತನ್ನ ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದ. ಅವಳು ಮೆಂತ್ಯಹಿಟ್ಟು ಕೊಟ್ಟಳು. "ಅದಕ್ಕ ಸ್ವಲ್ಪ ಆಧಾರ ಅದ" ಎಂದು ಬಿಂದುಮಾಧವ ತನ್ನಷ್ಟಕ್ಕೆ ಒಪ್ಪಿಕೊಂಡ. ಕೂದಲು ಉದುರುವ ಶಾಲಾ ಮಾಸ್ತರರು ಗುರೆಳ್ಳು ಚಟ್ನಿಯನ್ನು ತಿನ್ನಬೇಕೋ ತಲೆಗೆ ಹಚ್ಚಬೇಕೋ ಎಂದು ಬಗ್ಗಿ ಗುಟ್ಟಾಗಿ ಕೇಳಿದರು. "ಹಚ್ಚಿದ್ರ ಖಾರ ಹತ್ತತದ, ತಿನ್ರಿ" ಎಂದಳು ಭಾಮಾ.

ಔರಂಗಾಬಾದಿನವರ ಅಗಸಿ ಚಟ್ನಿ ಮುಗಿಯಿತು. ಇಂದೂನ ಭಾವನ ಶೇಂಗಾ ಚಟ್ನಿ ತಳಕ್ಕೆ ಬಂತು. ಬಾಟಲಿ ಬರಿದಾದಂತೆ ಬಿಂದುಮಾಧವನಿಗೆ ಹಗುರವಾಗತೊಡಗಿತು. ಪುಡಿ ಮುಗಿದರೆ ವೈದ್ಯಕೀಯವೂ ಮುಗಿಯಿತು. ಸೂರ್ಯ ಕಬ್ಬಿನ ಹಿಂದೆ ಇಳಿಯುತ್ತಿದ್ದ. ಇನ್ನು ಸ್ವಲ್ಪ ತಾಳಿದರೆ ರಾತ್ರಿ ತಮ್ಮದೇ.

ಆಗ ರಂಗೂಬಾಯಿ ಮತ್ತೆ ಬಂದಳು. ಈ ಸಲ ಅವಳ ಹಿಂದೆ, ಸೆರಗು ಮುಖದ ಮೇಲೆ ಎಳೆದುಕೊಂಡ ಒಬ್ಬ ಹುಡುಗಿ.

"ನನ್ನ ಸೊಸಿ, ಸಾಯಲಿ. ಮದಿವಿ ಆಗಿ ನಾಕು ವರ್ಷ ಆತು. ತೊಟ್ಟಿಲು ತೂಗಲಿಲ್ಲ. ಬಂದ ವೈದ್ಯರ ಪುಡಿ ಎಲ್ಲಾ ತಿನಿಸೀನಿ, ಶಿರೂರಿಗೂ ಒಯ್ದು ತೋರಿಸೀನಿ. ಅವ್ರು ಇಬ್ಬರೂ ನೆಟ್ಟಗಿದ್ದಾರ ಅಂತಾರ. ನಿಮ್ಮ ಕೈಗುಣ ನೋಡೂಣು."

ಬಿಂದುಮಾಧವ ಬಾಟಲಿಗಳ ಮುಚ್ಚಳ ಹಾಕಿದ. ತೇಗಿಗೆ ಮೆಂತ್ಯಹಿಟ್ಟು ಕೊಟ್ಟದ್ದು ಬೇರೆ, ಇದು ಬೇರೆ. "ಆಯಿ, ಇದಕ್ಕ ನಮ್ಮ ಹತ್ರ ಏನೂ ಇಲ್ಲ. ಆ ಹುಡುಗೀಗೆ ಇನ್ನು ಯಾವ ಪುಡೀನೂ ತಿನಿಸಬ್ಯಾಡ್ರಿ" ಎಂದ, ಆ ದಿನ ಮೊದಲ ಬಾರಿಗೆ ದನಿ ಏರಿಸಿ.

ಹುಡುಗಿ ಸೆರಗು ಸರಿಸಿ ಅವನ ಮುಖ ನೋಡಿದಳು. ಆಮೇಲೆ ಭಾಮೆಯ ಮುಖ ನೋಡಿದಳು. ಭಾಮಾ ಎದ್ದು, "ನಾ ಅಕೀ ಜೋಡಿ ಮಾತಾಡ್ತೀನಿ" ಎಂದು ಅವಳ ಕೈಹಿಡಿದು ಡೇರೆಯೊಳಗೆ ಕರೆದುಕೊಂಡು ಹೋದಳು.

ಹೊರಗೆ ಜನ ಕಾದರು. ಒಳಗಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಪಿಸುಮಾತು. ಆಮೇಲೆ ಇಬ್ಬರೂ ಕೂಡಿ ನಕ್ಕ ಸದ್ದು, ಮತ್ತೆ ಪಿಸುಮಾತು. ರಂಗೂಬಾಯಿ ಗೆರೆಯ ಆಚೆ ಕತ್ತು ಚಾಚಿ ಚಾಚಿ ದಣಿದಳು. ಕೊನೆಗೆ ಭಾಮಾ ಹೊರಬಂದಳು. ಅವಳ ಮುಖ ಗಂಭೀರವಾಗಿತ್ತು. ಗಂಡನ ಎದುರು ನಿಂತು ಕನ್ನಡದಲ್ಲಿ ಹೇಳಿದಳು:

"ಅಕಿಗೆ ಏನೂ ಆಗಿಲ್ಲ. ಮನ್ಯಾಗ ಹದಿನಾಲ್ಕು ಮಂದಿ, ಮಲಗಲಿಕ್ಕೆ ಒಂದು ಪಡಸಾಲಿ. ಇಲ್ಲೆ ಹೊಲದ ಪಂಪಿಗೆ ಕರೆಂಟು ರಾತ್ರಿ ಬರ್ತದಂತ. ಕಬ್ಬಿಗೆ ನೀರು ಬಿಡೋ ಕೆಲಸ ಅಕೀ ಗಂಡಂದು. ಹಗಲು ಅಕಿ ಹೊಲದಾಗ, ರಾತ್ರಿ ಅಂವ ಹೊಲದಾಗ. ಪುಡಿ ತಿಂದ್ರ ಏನಾಗ್ತದ?"

"ಪಾಪ" ಎಂದ ಬಿಂದುಮಾಧವ. ಆ ಹದಿನಾಲ್ಕು ಮಂದಿ ರಾತ್ರಿ ನೀರು ಕುಡಿಯಲು ಏಳುವ ಚಿತ್ರ ಅವನ ಕಣ್ಣಮುಂದೆ ಬಂತು. "ಅದಕ್ಕ ನಾವೇನು ಮಾಡೂಣು?"

"ಡೇರಾ ಕೊಡೂಣು."

"ಯಾವ ಡೇರಾ?"

"ಇದ. ಇವತ್ತೊಂದು ರಾತ್ರಿ."

ಬಿಂದುಮಾಧವ ಡೇರೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಭಾಮಾ! ಇವತ್ತೊಂದು ರಾತ್ರಿನ ನಮ್ಮದು! ನಕಾಶಿ ನೋಡಿ, ರಜಾ ಬರದು, ಈರಣ್ಣನ ಕಾಲು ಹಿಡದು... ಅಂವಾ ಗೊಂಡೆ ಹಚ್ಚಿದ್ದೂ ಸಹಿಸಿಕೊಂಡೀನಿ!"

"ನಮಗ ಎಂಟು ತಿಂಗಳು ಆತು. ಅಕಿಗೆ ನಾಕು ವರ್ಷ ಆತು. ನೀವ ತೂಗಿ ನೋಡ್ರಿ."

ತೂಕದ ಮಾತು ಬಂದರೆ ಬಿಂದುಮಾಧವ ಸುಳ್ಳು ಹೇಳಲಾರ. ಅವನು ಬಹಳ ಹೊತ್ತು ಸುಮ್ಮನೆ ನಿಂತ. ಗೊಂಡೆಗಳು ಗಾಳಿಗೆ ಅಲುಗಾಡುತ್ತಿದ್ದವು. ಜನರು ಈ ಮೌನವನ್ನು ಧ್ಯಾನವೆಂದು ತಿಳಿದು ಕೆಮ್ಮನ್ನೂ ತಡೆದುಕೊಂಡರು.

"ಆದ್ರ ನಾವು?" ಎಂದ ಕೊನೆಗೆ.

"ಕಾರಿನಾಗ ಮಲಗೂಣು. ಅಲ್ಲೆ ನಾವಿಬ್ಬರೇ ಅಲ್ಲೇನು?"

ಅದು ಅವನಿಗೆ ಹೊಳೆದಿರಲಿಲ್ಲ. ಮುಖ ಅರಳಿತು. ಅವನು ಭಾಮೆಯೊಂದಿಗೆ ಗೆರೆ ದಾಟಿ ಹೊರಬಂದು ಜನರ ಎದುರು ನಿಂತು, ಆ ದಿನ ಮೊದಲ ಬಾರಿಗೆ ನಿಜವಾದ ವೈದ್ಯನ ಠೀವಿಯಲ್ಲಿ ಮರಾಠಿಯಲ್ಲಿ ಸಾರಿದ:

"ಇದಕ್ಕ ಪುಡಿ ಇಲ್ಲ. ಗಂಡಹೆಂಡತಿ ಇಬ್ಬರೂ ಇವತ್ತು ಸೂರ್ಯಾ ಹುಟ್ಟೋತನಕ ಈ ಬಿಳೀ ಗೆರಿ ಒಳಗ ಇರಬೇಕು. ಅವರಿಬ್ಬರನ್ನ ಬಿಟ್ಟು ಮೂರನೇದವರು ಗೆರಿ ದಾಟಬಾರದು. ಕರೀಬಾರದು, ಕೆಮ್ಮಬಾರದು. ಮುಖ್ಯ ಅಂದ್ರ, ನೀರು ಕೇಳ್ಕೊಂಡು ಯಾರೂ ಬರಬಾರದು. ಯಾರ ಕಾಲು ಒಳಗ ಬಿತ್ತೋ, ಔಷಧ ಕೆಟ್ಟಿತು."

"ಮೂರನೇದವರು ದಾಟಬಾರದು!" ಎಂದು ಜನ ಪುನರುಚ್ಚರಿಸಿದರು. ಇಷ್ಟು ಕಟ್ಟುನಿಟ್ಟಿನ ಔಷಧವನ್ನು ಆ ಊರು ನೋಡಿರಲಿಲ್ಲ.

"ಇವತ್ತು ಕಬ್ಬಿಗೆ ನೀರು ಯಾರು ಬಿಡ್ತಾರ?" ಎಂದು ಗುಂಪಿನಲ್ಲಿದ್ದ ರಂಗೂಬಾಯಿಯ ಹಿರಿಯ ಮಗ ಕೇಳಿ ನಾಲಿಗೆ ಕಚ್ಚಿಕೊಂಡ.

"ನೀನ ಬಿಡ್ತಿ!" ಎಂದಳು ರಂಗೂಬಾಯಿ.

ಸಾಯಲಿಯ ಗಂಡನನ್ನು ಹೊಲದಿಂದ ಕರೆಸಿದರು. ಮೊಳಕಾಲವರೆಗೆ ಕೆಸರು, ಹೆಗಲ ಮೇಲೆ ಸಲಿಕೆ. ವಿಷಯ ತಿಳಿದು ಅವನ ಕಿವಿ ಕೆಂಪಾದವು. ಸಲಿಕೆಯನ್ನು ಅಣ್ಣನ ಕೈಗೆ ಕೊಟ್ಟು, ಗೆರೆ ದಾಟುವ ಮುಂಚೆ ಬಿಂದುಮಾಧವನ ಹತ್ತಿರ ಬಂದು ಮೆಲ್ಲಗೆ, "ಉಪಕಾರ ಆತ್ರಿ, ಸಾಹೇಬ್ರ" ಎಂದ. ವೈದ್ಯಬುವಾ ಎನ್ನಲಿಲ್ಲ. ಸಾಯಲಿ ಡೇರೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಗುತ್ತ ನಿಂತಿದ್ದಳು. ಅವನು ಒಳಗೆ ಹೋದ ಮೇಲೆ ಪರದೆ ಇಳಿಯಿತು.

ಬಿಂದುಮಾಧವ ದೊಡ್ಡದೊಂದು ಉಸಿರು ಬಿಟ್ಟ. ಪೊಲೀಸರು ಬರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಚಟ್ನಿ ಮುಗಿದಿತ್ತು. ಜನ ಚಪ್ಪಲಿ ಮೆಟ್ಟಿಕೊಂಡು, ಪಿಸುದನಿಯಲ್ಲಿ ಪಥ್ಯದ ಮಾತಾಡುತ್ತ ಚದುರತೊಡಗಿದ್ದರು. ಅವನು ಹೆಂಡತಿಗೆ ಕಣ್ಸನ್ನೆ ಮಾಡಿ ಕಾರಿನ ಕಡೆ ಒಂದು ಹೆಜ್ಜೆ ಇಟ್ಟ.

"ಹಾಂ ಹಾಂ ಹಾಂ!" ಎಂದು ನಾಲ್ಕು ದಿಕ್ಕಿನಿಂದ ಕೂಗು ಬಂತು. ಮೊಳಕಾಲು ನೋವಿನವನು ನೋವು ಮರೆತು ಓಡಿಬಂದು ಅವನ ರಟ್ಟೆ ಹಿಡಿದ.

"ವೈದ್ಯಬುವಾ! ಗೆರಿ!"

ಬಿಂದುಮಾಧವ ಕೆಳಗೆ ನೋಡಿದ. ತಾನೇ ಎಳೆದ ದುಂಡನೆಯ ವರ್ತುಲ. ಅದರೊಳಗೆ ಡೇರೆ. ಡೇರೆಯ ಹಗ್ಗಕ್ಕೆ ಬಿಗಿದ ಕಾರೂ ಅದರೊಳಗೆ.

"ನಾ... ವೈದ್ಯ... ನನಗ ನಡೀತದ" ಎಂದು ತೊದಲಿದ.

"ಮೂರನೇದವರು ಅಂದ್ರಿ" ಎಂದಳು ರಂಗೂಬಾಯಿ ಕಟ್ಟುನಿಟ್ಟಾಗಿ. "ನೀವು ಮೂರನೇದವರು, ನಿಮ್ಮ ಮನಿಯವರು ನಾಲ್ಕನೇದವರು. ನನ್ನ ಸೊಸೀ ಔಷಧ ಕೆಡಸಬ್ಯಾಡ್ರಿ. ಅದೂ ಅಲ್ದ, ನಮ್ಮ ಮನಿ ಇರೂತನಕ ನೀವು ಬಯಲಾಗ ಮಲಗೋದೇನು? ಇವತ್ತಿನಿಂದ ನೀವು ನಮ್ಮವರು. ನಡೀರಿ ಮನಿಗೆ."

ನಮ್ಮವರು. ಬಿಂದುಮಾಧವ ಭಾಮೆಯ ಮುಖ ನೋಡಿದ. ಅವಳು ನಗು ತಡೆಯಲು ಬೇವಿನ ಮರದ ಕಡೆ ತಿರುಗಿ ನಿಂತಿದ್ದಳು, ಬೆನ್ನು ಅಲುಗುತ್ತಿತ್ತು.

ರಂಗೂಬಾಯಿಯ ಮನೆಯಲ್ಲಿ ಸಜ್ಜೆಯ ಭಾಕರಿ, ಬದನೆಕಾಯಿ ಪಲ್ಯ, ಕೆಂಡದಲ್ಲಿ ಸುಟ್ಟ ಎಳೆ ಜೋಳದ ತೆನೆ, ಎಲ್ಲವೂ ಬಂತು. ಊಟಕ್ಕೆ ವೈದ್ಯಬುವಾನ ಚಟ್ನಿಯನ್ನೂ ಚಿಟಿಕೆ ಚಿಟಿಕೆ ಹಂಚಿದರು. ಪಥ್ಯದ ಪ್ರಕಾರ ಎಲ್ಲರೂ ಮಿತವಾಗಿ ಉಂಡರು. ವೈದ್ಯಬುವಾನಿಗೆ ಮಾತ್ರ ಮೂರು ಭಾಕರಿ ಬಡಿಸಿದರು.

ಉಂಡ ಮೇಲೆ ಹಾಸಿಗೆಯ ಏರ್ಪಾಡು. ಹೆಂಗಸರು, ಮಕ್ಕಳು ಒಳಗಿನ ಪಡಸಾಲೆಯಲ್ಲಿ. ಗಂಡಸರು ಹೊರಗಿನ ಕಟ್ಟೆಯ ಮೇಲೆ. ಭಾಮೆಯನ್ನು ರಂಗೂಬಾಯಿ ತನ್ನ ಪಕ್ಕದಲ್ಲೇ ಮಲಗಿಸಿಕೊಳ್ಳುವುದೆಂದಾಯಿತು, ಗೌರವಕ್ಕೆ. ಒಳಗೆ ಹೋಗುವ ಮುನ್ನ ಭಾಮಾ ಬಾಗಿಲಲ್ಲಿ ಒಂದು ಕ್ಷಣ ನಿಂತಳು.

"ಸಿಟ್ಟು ಬಂತೇನ್ರಿ?"

ಬಿಂದುಮಾಧವ ಯೋಚಿಸಿ ನೋಡಿದ. ವಿಚಿತ್ರವೆಂದರೆ ಬಂದಿರಲಿಲ್ಲ. ಸಂಜೆಯಿಡೀ ಎದೆಯ ಮೇಲೆ ಕೂತಿದ್ದ ಭಯ ಇಳಿದು ಮೈ ಹತ್ತಿಯಂತಾಗಿತ್ತು. "ಇಲ್ಲ" ಎಂದ. "ಅಲ್ಲೆ ಡೇರಾದಾಗ ಹಾಸಿಗಿ ಕೆಳಗ ಕಲ್ಲಿತ್ತು. ತಗದೀಯಿಲ್ಲೋ?"

"ತಗದೀನಿ."

"ಹಂಗಾರ ಛಲೋ ಆತು."

ಒಳಗಿಂದ ಯಾರೋ ಕರೆದರು. ಭಾಮಾ ಹೋದಳು. ಬಿಂದುಮಾಧವ ಕಟ್ಟೆಯ ಮೇಲೆ, ಒಂದು ಕಡೆ ಮೊಳಕಾಲು ನೋವಿನವನು, ಇನ್ನೊಂದು ಕಡೆ ರಂಗೂಬಾಯಿಯ ಗಂಡ, ನಡುವೆ ಸಿಕ್ಕ ಜಾಗದಲ್ಲಿ ಕಂಬಳಿ ಹೊದ್ದು ಮಲಗಿದ. ದೂರದಲ್ಲಿ ಪಂಪು ಶುರುವಾದ ಸದ್ದು ಕೇಳಿಸಿತು. ಹಿರಿಯ ಮಗ ಪಾಳಿಗೆ ಹೋಗಿದ್ದ. ಬೇವಿನ ಮರದ ಕಡೆ ಮಾತ್ರ ನಿಶ್ಶಬ್ದ.

ರಂಗೂಬಾಯಿಯ ಗಂಡ ಮಗ್ಗುಲು ಬದಲಿಸಿದ.

"ವೈದ್ಯಬುವಾ, ನಿದ್ದಿ ಬಂತೇನು?"

"ಇಲ್ಲರಿ."

"ನಿಮ್ಮ ಮದಿವಿ ಆಗಿ ಎಷ್ಟು ದಿನ ಆತು?"

"ವರ್ಷ ಆಗಲಿಕ್ಕೆ ಬಂತು."

"ಮಕ್ಕಳು?"

"ಇನ್ನೂ ಇಲ್ಲರಿ."

ಮುದುಕ ಕತ್ತಲೆಯಲ್ಲಿ ಎದ್ದು ಕೂತ. ಬೇವಿನ ಮರದ ಕಡೆಗೊಮ್ಮೆ, ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದವನ ಕಡೆಗೊಮ್ಮೆ ನೋಡಿದ. ಆಮೇಲೆ ತನ್ನ ಮಗನಿಗೆ ಹೇಳುವಂತೆ ಮರುಕದಿಂದ ಹೇಳಿದ:

"ಇಂಥಾ ಛಲೋ ಔಷಧ ಕೈಯಾಗ ಇಟ್ಕೊಂಡು ಮಂದಿಗೆ ಹಂಚ್ಕೋತ ತಿರಗತೀರಲ್ಲಾ! ಒಮ್ಮೆ ನೀವಿಬ್ಬರೂ ತಗೊಂಡು ನೋಡಬಾರದೇನು?"